ಜೋಯಿ ಎಂದರೆ

ರಾಜಾಜಿನಗರ
ಜೂನ್ ೧೯೭೮

ಬಾಗಿಲು ಹಾಕಿಕೊಂಡು ಕೂತಿರುವ ಮಗಳು ಜೋಯಿಗೆ,

ಈ ಕಾಗದವನ್ನು ಬಾಗಿಲ ಸಂದಿಯಿಂದ ತೂರಿಸುತ್ತಿದ್ದೇನೆ. ಊಟಕ್ಕೆ ಕರೆದರೆ ಬರುವುದಿಲ್ಲ, ಬಾಗಿಲು ತಟ್ಟಿದರೆ ಒಳಗಿಂದ ಚಿಲಕ ಬಿಗಿಮಾಡುತ್ತೀಯ. ಟೀಚರಮ್ಮನ ಮಗಳಲ್ಲವೆ, ಬರೆದದ್ದನ್ನಾದರೂ ಓದೀಯ ಎಂಬ ಆಸೆ.

"ಜೋಯಿಸರೇ, ನನ್ ಕೈ ನೋಡಿ ಭವಿಷ್ಯ ಹೇಳಿ" ಎಂದು ಕ್ಲಾಸಿನವರೆಲ್ಲ ಅಂಗೈ ಚಾಚಿದರಂತೆ. ನನಗೂ ಹೊಟ್ಟೆ ಉರಿಯಿತು. ನಗುವೂ ಬಂತು, ಸುಳ್ಳೇಕೆ ಹೇಳಲಿ. "ಪ್ರಭಾ ಅಂತ ಇಡೋಕೆ ಏನಾಗಿತ್ತಮ್ಮಾ? ಅರ್ಥಾನೇ ಇಲ್ದಿರೋ ಹೆಸರು!" ಎಂದು ನೀನು ಅತ್ತಾಗ ನಾನು ಎಂದಿನಂತೆ ಮಾತು ತೇಲಿಸಿದೆ. ಅರ್ಥ ಇದೆ ಕಣೇ. ಹೇಳಲು ಹೆದರಿಕೆ.

ನಿನಗಿಂತ ಮೊದಲು ಈ ಮನೆಯಲ್ಲಿ ಎರಡು ಸಲ ತೊಟ್ಟಿಲು ಕಟ್ಟಿ, ಎರಡು ಸಲವೂ ಬಿಚ್ಚಿದ್ದೆವು. ನೀನು ಹುಟ್ಟಿದಾಗ ನಿನ್ನಜ್ಜಿ ಲಿಂಗಮ್ಮ, "ತಿಪ್ಪಮ್ಮ ಅಂತ ಇಡೇ. ತಿಪ್ಪೆ ಮೇಲಿನ ಕೂಸು ಅಂತ ಯಮ ಮುಟ್ಟಾಕಿಲ್ಲ" ಎಂದರು. ಮಕ್ಕಳು ಉಳಿಯದ ಮನೆಯಲ್ಲಿ ಹಾಗೆ ಮಾಡುವುದುಂಟು. ನನಗೆ ಮನಸ್ಸು ಬರಲಿಲ್ಲ. 'ಜೀವ' ಎಂಬರ್ಥದ ಹೆಸರೇ ಬೇಕಿತ್ತು. ಆದರೆ ಅದನ್ನು ಕನ್ನಡದಲ್ಲಿ ಕೂಗಿದರೆ ಯಮನಿಗೂ ಕೇಳಿಸೀತಲ್ಲ!

ಆಗ ನಮ್ಮ ಸ್ಕೂಲಿನ ವಯಸ್ಸಾದ ಸಿಸ್ಟರ್, ಜೀವಕ್ಕೆ ಗ್ರೀಕರು ಹೇಳುವ ಮಾತನ್ನು ಕಲಿಸಿಕೊಟ್ಟರು. ಶುರುವಿಗೆ ಹಲ್ಲಿನ ನಡುವೆ ಜೇನುನೊಣದ ಹಾಗೆ ಗುಂಯ್‌ಗುಡಬೇಕು, ಕೊನೆಯ 'ಈ'ಯನ್ನು ಕೊಂಚ ಎಳೆಯಬೇಕು. ಆ ಸದ್ದಿಗೆ ನಮ್ಮಲ್ಲಿ ಅಕ್ಷರವಿಲ್ಲ, ಜೋಯಿ ಎಂದು ಬರೆದುಕೊಂಡೆ. ಅಜ್ಜಿಯ ಬಾಯಿಗೆ ಅಷ್ಟೂ ಬರಲಿಲ್ಲ. "ಜೋ ಜೋ ಅಂತ ತೂಗೋ ಹೆಸರು, ಒಳ್ಳೇದೇ ಬಿಡು" ಎಂದು ತೊಟ್ಟಿಲಿಗೆ ಕೈ ಹಾಕಿದರು. ಯಮನಿಗೆ ಗ್ರೀಕ್ ಬಾರದೆಂದು ನಂಬಿ, ನಿನ್ನಪ್ಪನಿಗೂ ಅರ್ಥ ಹೇಳದೆ ಬಚ್ಚಿಟ್ಟೆ. ಓದಿದವಳ ಬುದ್ಧಿ ನೋಡು!

ಆ ಅರ್ಥವನ್ನು ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ. ಸಂಜೆ ಭಾಷ್ಯಂ ಸರ್ಕಲ್‌ವರೆಗೂ ಕೇಳಿಸುವಂತೆ ಬಾಗಿಲು ಬಡಿದೆಯಲ್ಲ, ಆಗಲೇ ಧೈರ್ಯ ಬಂತು. ಇಷ್ಟೊಂದು ಜೀವ ಇರುವವಳನ್ನು ಇನ್ನು ಬಚ್ಚಿಡುವುದೇನು?

ಹೆಸರು ಬದಲಿಸುವುದಾದರೆ ಎಸ್ಸೆಸ್ಸೆಲ್ಸಿಗೆ ಮೊದಲೇ ಆಗಬೇಕಂತೆ. ನಾಳೆ ಅಪ್ಪ ಸ್ಕೂಲಿಗೆ ಬರುತ್ತಾರೆ, ನಿನಗೆ ಬೇಕಾದದ್ದನ್ನು ಬರೆಸಿಕೋ. ನಾನು ಅಡ್ಡ ಬರುವುದಿಲ್ಲ. ಆದರೆ ಮನೆಯಲ್ಲಿ ನನ್ನ ಬಾಯಿಗೆ ಹಳೆಯದೇ ಬಂದೀತು, ಆಗ ಓಗೊಟ್ಟುಬಿಡು. ಕರೆದರೆ ಓಗೊಡದ ಎರಡು ಹೆಸರು ಆಗಲೇ ನನ್ನಲ್ಲಿವೆ.

ಸಾರು ಆರುತ್ತಿದೆ, ಬಾ. ನೂರು ಕಾಲ ಬಾಳು ಮಗಳೇ.

ಬಾಗಿಲ ಈಚೆ ಕೂತಿರುವ
ನಿನ್ನ ಅಮ್ಮ