ಬಿಸಿ ನಲ್ಲಿಯ ತಣ್ಣೀರು

ಅತ್ತೆ,

ಮೊದಲೆಲ್ಲ ನಿಮಗೆ ಕಾಗದ ಬರೆಯುವಾಗ "ಪೂಜ್ಯ ಅತ್ತೆಯವರ ಪಾದಗಳಿಗೆ ನಮಸ್ಕಾರಗಳು" ಎಂದೇ ಶುರು ಮಾಡುತ್ತಿದ್ದೆ. ಒಂದು ಸಲ ಫೋನಿನಲ್ಲಿ ನೀವು ರೇಗಿದ್ದಿರಿ: "ಪಾದದ ವಿಷಯ ಬಿಡೇ, ಮಂಡಿ ನೋವು ಹೇಗಿದೆ ಅಂತ ಕೇಳು." ಇವತ್ತು ಪಾದ, ಮಂಡಿ ಎರಡನ್ನೂ ಬಿಟ್ಟಿದ್ದೇನೆ. ಬರೀ ಅತ್ತೆ. ಮುಂದಿನ ವಾರಕ್ಕೆ ನೀವು ಹೋಗಿ ಒಂದು ವರ್ಷವಾಗುತ್ತದೆ. ನಾವು ಇನ್ನೂ ಈ ಅರಬ್ ದೇಶದಲ್ಲೇ, ಅಲ್ ಹಿಲಾಲಿನ ಅದೇ ಮನೆಯಲ್ಲಿದ್ದೇವೆ, ಅದೇ ಎತ್ತರದ ಗೋಡೆಯ ಹಿತ್ತಿಲು, ಮೇಲೆ ಅದೇ ಒಂದು ತುಂಡು ಆಕಾಶ. ಒಂದು ಸುದ್ದಿ ಹೇಳಬೇಕು. ನೇರವಾಗಿ ಹೇಳಲು ಬಾಯಿ ಬರುತ್ತಿಲ್ಲ. ಉಪ್ಪಿಟ್ಟು ಆಗಿದೆ ಅನ್ನುವುದಕ್ಕೂ ನನಗೆ ಪೀಠಿಕೆ ಬೇಕು ಎಂದು ನೀವೇ ಆಡಿಕೊಳ್ಳುತ್ತಿದ್ದಿರಲ್ಲ, ಹಾಗೇ ಇದು.

ನೀವು ಇಲ್ಲಿ ಬಂದಿಳಿದ ದಿನ ನೆನಪಿದೆಯೇ? ಕಸ್ಟಮ್ಸ್ ಅಧಿಕಾರಿ ನಿಮ್ಮ ಸೂಟ್‌ಕೇಸ್ ತೆಗೆಸಿ, ಚಟ್ನಿಪುಡಿ ಡಬ್ಬ, ಹಪ್ಪಳದ ಕಟ್ಟು ಎಲ್ಲ ಪಕ್ಕಕ್ಕಿಟ್ಟು, ತಳದಲ್ಲಿದ್ದ ಒದ್ದೆ ಬಟ್ಟೆಯ ಗಂಟನ್ನು ಎತ್ತಿ ಹಿಡಿದನಂತೆ. ನಿಮ್ಮ ಹಳೆಯ ವಾಯಿಲ್ ಸೀರೆಯ ತುಂಡು. ಅದರೊಳಗೆ ಬೇರು ಸಮೇತ ಒಂದು ತುಳಸಿ ಸಸಿ. ಗಾಜಿನಾಚೆ ನಿಂತಿದ್ದ ನಿಮ್ಮ ಮಗನ ಮುಖದಲ್ಲಿ ರಕ್ತವೇ ಇರಲಿಲ್ಲ. ಆ ಅಧಿಕಾರಿಯೋ ಒಂದು ಎಲೆ ಉಜ್ಜಿ ಮೂಸಿ, "ರೈಹಾನ್!" ಎಂದು ತಮ್ಮ ಮಾತಿನ ತುಳಸಿಯ ಹೆಸರು ಹೇಳಿ ನಕ್ಕು, "ಯಲ್ಲಾ, ಯಲ್ಲಾ" ಎಂದು ಅವಸರ ಮಾಡಿ ನಿಮ್ಮನ್ನು ಕಳಿಸಿಬಿಟ್ಟ. ಆಚೆ ಬಂದವರೇ ನೀವು ಹೇಳಿದ್ದು: "ನೋಡಿದ್ಯಾ, ನನ್ನ ಪಾಸ್‌ಪೋರ್ಟ್ ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ನೋಡಿದ್ರು. ತುಳಸಮ್ಮನ್ನ ಏನೂ ಕೇಳಲಿಲ್ಲ." ಆಗ ಅದು ನಗುವ ಮಾತಾಗಿತ್ತು.

ಮಾರನೇ ಬೆಳಗ್ಗೆ ಹಿತ್ತಿಲ ಬಾಗಿಲು ತೆಗೆದು ತೋರಿಸಿದಾಗ ನೀವು ಸೊಂಟಕ್ಕೆ ಕೈ ಕೊಟ್ಟು ನಿಂತಿರಿ. ಸಿಮೆಂಟು, ಮರಳು, ಬಟ್ಟೆ ಒಣಹಾಕುವ ತಂತಿ. "ಇದೇನೇ, ಮನೆಯಾ ಜೈಲಾ?" ಎಂದಿರಿ. ನನಗೆ ಸಿಟ್ಟು ಬಂತು. ನಿಮ್ಮ ಮಾತು ತಪ್ಪೆಂದಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಒಳಗೇ ಅಂದುಕೊಳ್ಳುತ್ತಿದ್ದದ್ದನ್ನು ನೀವು ಬಂದ ಮಾರನೇ ದಿನವೇ ಬಾಯಿಬಿಟ್ಟು ಹೇಳಿದ್ದಕ್ಕೆ. ನಿಮ್ಮ ಮಗ ಬೆಳಗ್ಗೆ ಆಫೀಸಿಗೆ ಹೋದರೆ ಮಧ್ಯಾಹ್ನ ಊಟಕ್ಕೆ ಬಂದು ಮತ್ತೆ ಹೋಗುತ್ತಿದ್ದರು. ನನಗೆ ಕಾರು ಓಡಿಸಲು ಬಾರದು, ಕೆಲಸ ಮಾಡಲು ನನ್ನ ವೀಸಾದಲ್ಲಿ ಅವಕಾಶವಿಲ್ಲ, ನಡೆದು ಹೋಗೋಣವೆಂದರೆ ಆ ಬಿಸಿಲಿನಲ್ಲಿ ಎಲ್ಲಿಗೆ? ನೀವು ಬಗ್ಗಿ ಒಂದು ಚಿಟಿಕೆ ಮರಳು ತೆಗೆದು ನಾಲಿಗೆಯ ಮೇಲಿಟ್ಟುಕೊಂಡಿರಿ. "ಥೂ, ಬರೀ ಉಪ್ಪು! ಇದ್ರಲ್ಲಿ ಮೆಣಸಿನಕಾಯಿ ಹಾಕಿದ್ರೆ ನೇರ ಉಪ್ಪಿನಕಾಯೇ ಬರತ್ತೆ."

ಆ ಶುಕ್ರವಾರ ನಿಮ್ಮ ಮಗ ನರ್ಸರಿಯಿಂದ ಮಣ್ಣಿನ ಮೂಟೆಗಳನ್ನು ತಂದರು. ಉಪ್ಪಿಲ್ಲದ ಆ ಮಣ್ಣಿಗೆ ಇಲ್ಲಿ ಸಿಹಿ ಮಣ್ಣು ಎನ್ನುತ್ತಾರೆ ಎಂದಾಗ ನಿಮಗೆ ಖುಷಿಯೋ ಖುಷಿ. ಅದು ಚಳಿಗಾಲ, ಇಲ್ಲಿಯ ಒಳ್ಳೆಯ ಕಾಲ. ಮೆಂತ್ಯ ಬಂತು, ದಂಟು ಬಂತು, ಟೊಮ್ಯಾಟೊ ಗೊಂಚಲು ಗೊಂಚಲಾಗಿ ಬಂತು. ಪಕ್ಕದ ಮನೆಯ ಮಲಯಾಳಿ ಹೆಂಗಸಿಗೆ ಗೋಡೆಯ ಮೇಲಿಂದ ನೀವು ಸೊಪ್ಪು ಕೊಟ್ಟು, ಜೊತೆಗೆ ಕನ್ನಡದಲ್ಲೇ ಹರಟೆ ಹೊಡೆಯುತ್ತಿದ್ದಿರಿ. ಆಕೆಗೆ ಅರ್ಥವಾಗುತ್ತಿತ್ತೋ ಇಲ್ಲವೋ, ನಗುತ್ತಿದ್ದಳು. ಒಂದು ದಿನ ಸೊಪ್ಪು ಸೋಸುತ್ತ ನನ್ನ ಕಡೆ ನೋಡದೆ ಅಂದಿರಿ: "ಮೊಮ್ಮಗು ಯಾವಾಗಲಾದ್ರೂ ಕೊಡು ತಾಯಿ, ಸದ್ಯ ಮೆಂತ್ಯ ಸೊಪ್ಪಾದ್ರೂ ಕೊಟ್ಯಲ್ಲ." ನನಗೆ ಎಷ್ಟು ನೋವಾಯಿತು ಗೊತ್ತೇ? ಆ ರಾತ್ರಿ ಹುಳಿಗೆ ಉಪ್ಪು ಜಾಸ್ತಿ ಬಿದ್ದಿತ್ತು. ನೀವು ಅದನ್ನೇ ಪೂರ್ತಿ ಉಂಡು, ಮಾರನೇ ದಿನ ಎಣ್ಣೆ ಬಟ್ಟಲು ಹಿಡಿದು ಬಂದು ನನ್ನ ತಲೆಗೆ ತಟ್ಟಿ ತಟ್ಟಿ ಎಣ್ಣೆ ಒತ್ತಿದಿರಿ. ಕ್ಷಮೆ ಕೇಳುವುದು ನಿಮ್ಮ ಜಾಯಮಾನವಲ್ಲ. ಅದೇ ಕ್ಷಮೆ ಎಂದು ತಿಳಿಯಲು ನನಗೂ ಸ್ವಲ್ಪ ಕಾಲ ಹಿಡಿಯಿತು.

ವಿಮಾನ ಹಾದುಹೋದಾಗಲೆಲ್ಲ ನೀವು ಕೈಯಲ್ಲಿದ್ದ ಕೆಲಸ ಬಿಟ್ಟು ಕತ್ತೆತ್ತುತ್ತಿದ್ದುದು ಕಣ್ಣಿಗೆ ಕಟ್ಟಿದ ಹಾಗಿದೆ. ಏರ್‌ಪೋರ್ಟ್ ಇಷ್ಟು ಹತ್ತಿರ, ಹಿತ್ತಿಲ ಮೇಲೇ ಹೊಟ್ಟೆ ಸವರಿಕೊಂಡು ಹೋಗುತ್ತವೆ. ಪಾತ್ರೆ ಗಡಗಡ ಅನ್ನುತ್ತವೆ. ನೀವು ತುಳಸಿಯ ಮೇಲೆ ಕೈ ಅಡ್ಡ ಹಿಡಿದು, "ಇದು ನಮ್ಮೂರಿಗಾ?" ಎಂದು ಕೇಳುತ್ತಿದ್ದಿರಿ. ಲಂಡನ್ನಿಗೋ, ಮನಿಲಾಕ್ಕೋ, ನನಗೇನು ಗೊತ್ತು? "ಹೂಂ ಅತ್ತೆ, ನಮ್ಮೂರಿಗೇ" ಎನ್ನುತ್ತಿದ್ದೆ. ಮೈಸೂರಿಗೆ ಇಷ್ಟೊಂದು ವಿಮಾನ ಯಾಕೆ ಹೋಗುತ್ತವೆ ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಸುಳ್ಳು ಎಂದು ನಿಮಗೆ ಗೊತ್ತಿತ್ತು ತಾನೇ?

ಬೇಸಿಗೆ ಕಾಲಿಟ್ಟ ಆ ದಿನವನ್ನು ನೆನೆದರೆ ಈಗಲೂ ನಗು ಬಂದು, ಆಮೇಲೆ... ಇರಲಿ. ನಿಮ್ಮ ವೀಸಾ ಮುಂದುವರಿದಿತ್ತು. ಮೈಸೂರಿನಲ್ಲಿ ಮಾಡುತ್ತಿದ್ದ ಹಾಗೇ ಸ್ನಾನ ಮಾಡಿ, ಒದ್ದೆ ತಲೆಗೆ ಬಟ್ಟೆ ಸುತ್ತಿ, ಹಿತ್ತಿಲ ನಲ್ಲಿಯಿಂದ ಚೊಂಬು ತುಂಬಿ ತುಳಸಿಗೆ ಧಾರೆಯಾಗಿ ಬಿಟ್ಟಿರಿ. ಕಣ್ಣು ಮುಚ್ಚಿ ಶ್ಲೋಕ ಹೇಳುತ್ತಿದ್ದಿರಿ. ಚೊಂಬು ಕೈಗೆ ಬಿಸಿಯಾದರೂ ಹೊತ್ತೇರಿದ ಬಿಸಿಲಿಗೆ ಹಾಗಾಗಿದೆ ಎಂದುಕೊಂಡಿರಂತೆ. ಮಹಡಿಯ ಮೇಲಿನ ಟ್ಯಾಂಕಿನಲ್ಲಿ ನೀರು ಕಾದು ಕಾದು ಚಹಾಕ್ಕೆ ಇಟ್ಟ ನೀರಿನ ಹಾಗಾಗಿರುತ್ತದೆಂದು ಊರಿನಿಂದ ಬಂದ ಯಾರಿಗೆ ತಾನೇ ಹೊಳೆಯಬೇಕು? ಸಂಜೆಗೆ ಎಲೆಗಳೆಲ್ಲ ಜೋತುಬಿದ್ದು ಕಪ್ಪಾದವು. ನೀವು ಅಲ್ಲೇ ಕುಸಿದು ಕೂತು ಅತ್ತಿರಿ. "ಅಯ್ಯೋ, ತುಳಸೀನ ಬೇಯಿಸಿಬಿಟ್ನಲ್ಲೇ! ಪೂಜೆ ಮಾಡ್ತಾ ಮಾಡ್ತಾ ಬೇಯಿಸಿಬಿಟ್ಟೆ!" ಮಾವ ಹೋದಾಗಲೂ ಕಣ್ಣು ಒರೆಸಿಕೊಂಡು ಅಡುಗೆಮನೆಗೆ ಹೋದವರು ನೀವು, ನನ್ನೆದುರು ಹಾಗೆ ಅತ್ತಿದ್ದು ಅದೊಂದೇ ಸಲ.

ನಿಮ್ಮನ್ನು ಎಬ್ಬಿಸಿ ಬಚ್ಚಲುಮನೆಗೆ ಕರೆದುಕೊಂಡು ಹೋಗಿ ಬಿಸಿನೀರಿನ ನಲ್ಲಿ ತಿರುಗಿಸಿದೆ. "ಇನ್ನೂ ಬೇಯಿಸ್ತೀಯಾ?" ಎಂದಿರಿ. ನಿಮ್ಮ ಕೈ ಹಿಡಿದು ನೀರಿನ ಕೆಳಗೆ ಇಟ್ಟೆ. ತಣ್ಣಗಿತ್ತು. ಬೇಸಿಗೆಯಲ್ಲಿ ಇಲ್ಲಿ ನಾವೆಲ್ಲ ಗೀಸರ್ ಆರಿಸಿಟ್ಟಿರುತ್ತೇವೆ. ಅದು ಮನೆಯೊಳಗಿನ ನೆರಳಿನಲ್ಲಿರುವುದರಿಂದ ಅದರಲ್ಲಿ ನಿಂತ ನೀರು ಆರಿ ತಣ್ಣಗಾಗುತ್ತದೆ. ತಣ್ಣೀರಿನ ನಲ್ಲಿ ನೇರ ಟ್ಯಾಂಕಿನಿಂದ ಬರುವುದರಿಂದ ಸುಡುತ್ತದೆ. ನೀವು ಎರಡೂ ನಲ್ಲಿಗಳನ್ನು ತಿರುಗಿಸಿ ಮುಟ್ಟಿ ನೋಡಿ, ಕೆನ್ನೆಯ ಮೇಲೆ ಕಣ್ಣೀರು ಇರುವಾಗಲೇ ನಕ್ಕುಬಿಟ್ಟಿರಿ. "ಇದೆಂಥ ದೇಶವೇ! ಬಿಸಿ ನಲ್ಲೀಲಿ ತಣ್ಣೀರು, ತಣ್ಣೀರ ನಲ್ಲೀಲಿ ಬೆಂಕಿ!" ಅವತ್ತಿನಿಂದ ತುಳಸಿಗೆ ಗೀಸರಿನ ನೀರು. ತಂತಿಯಿಂದ ಗೋಡೆಗೆ ನಿಮ್ಮ ಇನ್ನೊಂದು ವಾಯಿಲ್ ಸೀರೆ ಕಟ್ಟಿ ನೆರಳು ಮಾಡಿದಿರಿ. ಏಸಿಯಿಂದ ತೊಟ್ಟಿಕ್ಕುವ ನೀರಿಗೆ ನಾನು ಬಕೆಟ್ ಇಟ್ಟರೆ ಮೊದಮೊದಲು "ಆ ಡಬ್ಬದ ಬೆವರು ನನ್ನ ತುಳಸಿಗೆ ಬೇಡ" ಎಂದು ಮೂಗು ಮುರಿದಿರಿ. ಏಸಿಯ ಕೆಳಗೆ ಮಾತ್ರ ಹುಲ್ಲು ಹಸಿರಾಗಿರುವುದನ್ನು ನೀವೇ ಕಂಡ ಮೇಲೆ, ಮಡಿಯಲ್ಲೇ ಆ ಬಕೆಟ್ ಎತ್ತಿ ತಂದಿರಿ. ಕೆಲವು ದಿನಗಳಲ್ಲಿ ಕಪ್ಪಾದ ಕಡ್ಡಿಯ ಬುಡದಿಂದ ಎರಡು ಎಲೆ ಇಣುಕಿದಾಗ ನೀವು ನಿಮ್ಮ ಮಗನ ಆಫೀಸಿಗೇ ಫೋನ್ ಮಾಡಿಸಿದ್ದಿರಿ. ಏನು ಅನಾಹುತವೋ ಎಂದು ಅವರು ಮೀಟಿಂಗ್ ಬಿಟ್ಟು ಎದ್ದು ಬಂದಿದ್ದರು.

ಊರಿಗೆ ಹೊರಡುವ ದಿನ ಹಿತ್ತಿಲ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿಕೊಂಡು ನೀವು ಹೇಳಿದ ಮಾತು ನಿಮ್ಮ ಮಗನಿಗೆ ಇಂದಿಗೂ ಹೇಳಿಲ್ಲ. "ನನ್ನ ಕೊನೇ ಗಳಿಗೇಲಿ ತುಳಸಿ ನೀರು ನೀನೇ ಬಿಡ್ಬೇಕು ಕಣೇ. ಅವನಿಗೆ ಕೈ ನಡುಗತ್ತೆ, ಚಿಕ್ಕೋನು ಚೊಂಬೇ ಎತ್ತಿ ಸುರೀತಾನೆ. ನಿನ್ನ ಕೈ ಸರಿಯಾಗಿದೆ." ನಾನು "ಸುಮ್ನಿರಿ ಅತ್ತೆ, ಹೊರಡೋ ಹೊತ್ತಲ್ಲಿ ಎಂಥ ಮಾತು" ಎಂದೆ. ನೀವು ಬಿಡಲಿಲ್ಲ. "ಹೂಂ ಅನ್ನು" ಎಂದಿರಿ. ಹೂಂ ಅಂದೆ.

ಹೂಂ ಅಂದವಳು ಆ ದಿನ ಬಂದಾಗ ಎಲ್ಲಿದ್ದೆ? ನಿಮಗೆ ಫೋನಿನಲ್ಲಿ ನಾವು ಎಲ್ಲವನ್ನೂ ಹೇಳಿರಲಿಲ್ಲ ಅತ್ತೆ. ನೀವು ಊರಿಗೆ ಮರಳಿದ ಮೇಲೆ ನಿಮ್ಮ ಮಗನಿಗೆ ಬೇರೆ ಕಂಪನಿಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಇಲ್ಲಿ ಹಾಗೆಲ್ಲ ಬಿಟ್ಟು ಹೋಗುವಂತಿಲ್ಲ, ವೀಸಾ ಕೊಟ್ಟ ಮಾಲೀಕ ಒಪ್ಪಬೇಕು. ಕಫೀಲ್ ಎನ್ನುತ್ತಾರೆ ಅವನಿಗೆ. ಇವರು ಕೇಳಿದ್ದೇ ತಡ, ಅವನಿಗೆ ಸಿಟ್ಟು ನೆತ್ತಿಗೇರಿತು. ಬೇರೆ ಕೆಲಸವೂ ಇಲ್ಲ, ರಜೆಯೂ ಇಲ್ಲ. ನಮ್ಮಿಬ್ಬರ ಪಾಸ್‌ಪೋರ್ಟೂ ಆಫೀಸಿನ ತಿಜೋರಿಯಲ್ಲಿ. ಅವನ ಸಹಿ ಬಿದ್ದ ಎಕ್ಸಿಟ್ ಪರ್ಮಿಟ್ ಇಲ್ಲದೆ ಏರ್‌ಪೋರ್ಟಿನ ಬಾಗಿಲು ದಾಟುವಂತಿಲ್ಲ. ನಿಮ್ಮನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಮೈದುನ ಫೋನ್ ಮಾಡಿದ ದಿನ ಇವರು ಆಫೀಸಿಗೆ ಓಡಿದರು. ಕಫೀಲ್ ಬೇಸಿಗೆ ಕಳೆಯಲು ಯೂರೋಪಿಗೆ ಹೋಗಿದ್ದ. ಮ್ಯಾನೇಜರ್ ಕೈ ಆಡಿಸಿದನಂತೆ: "ಕಫೀಲ್ ಮಾಫಿ. ಸಿಗ್ನೇಚರ್ ಮಾಫಿ. ಖಲಾಸ್." ಅವನಿಲ್ಲ, ಸಹಿ ಇಲ್ಲ, ಮುಗಿಯಿತು. ಎರಡನೇ ಫೋನ್ ಬಂದಾಗ ಏನೂ ಕೇಳುವುದು ಉಳಿದಿರಲಿಲ್ಲ.

ಅವತ್ತು ಮಧ್ಯಾಹ್ನ ನಿಮ್ಮ ಮಗ ಹಿತ್ತಿಲಿಗೆ ಹೋದರು. ಸಾವಿನ ಸ್ನಾನ ಮಾಡಬೇಕಲ್ಲ. ಬರಿಮೈಯಲ್ಲಿ ನಿಂತು, ಹಿತ್ತಿಲ ನಲ್ಲಿಯಿಂದ ಬಕೆಟ್ ತುಂಬಿ ತಲೆಯ ಮೇಲೆ ಸುರಿದುಕೊಂಡರು. ಮತ್ತೆ ತುಂಬಿದರು, ಮತ್ತೆ ಸುರಿದುಕೊಂಡರು. ನಾನು ಓಡಿ ಹೋಗಿ "ಅದು ಸುಡತ್ತೆ ರೀ!" ಎಂದು ಬಕೆಟ್ ಕಿತ್ತುಕೊಳ್ಳುವಷ್ಟರಲ್ಲಿ ಬೆನ್ನು, ಭುಜ ಎಲ್ಲ ಕೆಂಪಗಾಗಿತ್ತು. "ಗೊತ್ತು ಬಿಡು" ಎಂದರು. ಅಷ್ಟೇ. ಇಷ್ಟು ವರ್ಷ ಇಲ್ಲಿರುವವರಿಗೆ ಗೊತ್ತಿರದೆ ಇರುತ್ತದೆಯೇ? ಅವರ ಬೆನ್ನಿಗೆ ಬೆಣ್ಣೆ ಸವರುತ್ತ ನಾನು ಅತ್ತುಬಿಟ್ಟೆ, ಅವರು ಅಳಲಿಲ್ಲ.

ನಿಮ್ಮ ವೈಕುಂಠ ಸಮಾರಾಧನೆ ಮೈಸೂರಿನಲ್ಲಿ ನಡೆಯುತ್ತಿದ್ದ ದಿನ ನಾನು ತುಳಸಿಯನ್ನು ಕಿತ್ತೆಸೆಯಲು ಹೋಗಿದ್ದೆ. ಹೌದು, ನಿಮ್ಮ ತುಳಸಿಯನ್ನೇ. ಗೋಡೆಯ ಮೇಲೆ, ಕಫೀಲನ ಮೇಲೆ, ನಿಮ್ಮ ಮಗನನ್ನು ಇಲ್ಲಿಗೆ ಕಳಿಸಿದ ನಿಮ್ಮ ಮೇಲೆ, ಎಲ್ಲರ ಮೇಲೂ ಸಿಟ್ಟಿತ್ತು. ಕೈಗೆ ಸಿಕ್ಕಿದ್ದು ಅದೊಂದೇ. ಕೊನೆಯ ಗಳಿಗೆಗೆ ಒದಗದ ತುಳಸಿ ಇದ್ದರೆಷ್ಟು, ಹೋದರೆಷ್ಟು? ಬುಡಕ್ಕೆ ಕೈ ಹಾಕಿದೆ. ಎಲೆ ಕೈಗೆ ತಿಕ್ಕಿಕೊಂಡು ಘಮ್ಮೆಂದಿತು. ನಿಮ್ಮ ಒದ್ದೆ ತಲೆ, ಸುತ್ತಿದ ಬಟ್ಟೆ, ಚೊಂಬು, ಎಲ್ಲ ಒಟ್ಟಿಗೆ ಬಂದು ನಿಂತವು. ಕೈ ತೆಗೆದು, ಒಳಗೆ ಹೋಗಿ ಬಿಸಿ ನಲ್ಲಿಯಿಂದ ನೀರು ತಂದು ಹಾಕಿದೆ. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಬಿಸಿಗಾಳಿಗೆ ನಿಮ್ಮ ಸೀರೆ ಹರಿದು ಚಿಂದಿಯಾಯಿತು, ನನ್ನದೊಂದನ್ನು ಕಟ್ಟಿದ್ದೇನೆ. ಈಗ ಅದು ನನ್ನ ಸೊಂಟದೆತ್ತರ.

ಈಗ ಸುದ್ದಿ. ಮೊನ್ನೆ ಮ್ಯಾನೇಜರ್ ಇವರನ್ನು ಕರೆದು, ಅಮ್ಮನ ವರ್ಷದ ತಿಥಿಗೆ ಹೋಗಿ ಬರಲು ಕಫೀಲ್ ಒಪ್ಪಿದ್ದಾನೆ ಎಂದನಂತೆ. ಒಬ್ಬರೇ ಹೋಗಬೇಕು. ಹೆಂಡತಿ ಇಲ್ಲೇ ಇರಬೇಕು, ಅವಳ ಪಾಸ್‌ಪೋರ್ಟ್ ತಿಜೋರಿಯಲ್ಲೇ ಇರುತ್ತದೆ. ಇವರು ಮರಳಿ ಬರಲಿ ಎಂದು. ಮನೆಗೆ ಬಂದು ಇದನ್ನು ಹೇಳಿ, "ನಾನು ಹೋಗಲ್ಲ. ನಿನ್ನ ಒತ್ತೆ ಇಟ್ಟು ಹೋಗೋಕಾಗಲ್ಲ" ಎಂದರು. ನನಗೆ ಎಲ್ಲಿತ್ತೋ ಸಿಟ್ಟು! "ಒತ್ತೆ ಇಡೋಕೆ ನಾನೇನು ಒಡವೆಯಾ? ಹೋಗಿ. ಹೋಗಿ ಕಾರ್ಯ ಮಾಡಿ ಬನ್ನಿ. ತುಳಸಿಗೆ ನೀರು ಹಾಕೋಕೆ ಒಬ್ಬರಾದ್ರೂ ಇರಬೇಕಲ್ಲ" ಎಂದು ಕೂಗಾಡಿದೆ. ಅವರು ಆಚೆ ಹೋದ ಮೇಲೆ ಬಾಗಿಲು ಹಾಕಿಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ. ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ? ನನಗೂ ಹೋಗಬೇಕಿತ್ತು. ನಿಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಗಳಿಗೆ ಕೂತು ಬಂದಿದ್ದರೂ ಸಾಕಿತ್ತು. ಅಕಸ್ಮಾತ್ ಅವರು ಬರುವುದು ತಡವಾದರೆ, ಕಫೀಲ್ ಏನಾದರೂ ನೆಪ ತೆಗೆದರೆ... ಬೇಡ, ಅದನ್ನು ಬರೆಯುವುದಿಲ್ಲ.

ಇವತ್ತು ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು ಬಂದು ತುಳಸಿ ಬಿಡಿಸಿದೆ. ಬಾಡದ ಹಾಗೆ ಕುಡಿ ಕುಡಿಯಾಗಿ ಚಿವುಟಿ, ನಿಮ್ಮ ಹರಿದ ಸೀರೆಯ ಒಂದು ತುಂಡನ್ನು ಒದ್ದೆ ಮಾಡಿ ಸುತ್ತಿದೆ. ನೀವು ತಂದ ಹಾಗೇ, ಸೂಟ್‌ಕೇಸಿನ ತಳದಲ್ಲಿ ಇಟ್ಟಿದ್ದೇನೆ. ನಿಮ್ಮ ಹೆಸರಿಗೆ ಬಿಡುವ ನೀರಿಗೆ ಇದನ್ನೇ ಹಾಕಿ ಎಂದು ಇವರಿಗೆ ಒತ್ತಿ ಒತ್ತಿ ಹೇಳಿದ್ದೇನೆ. ಕೈ ನಡುಗಿದರೂ ಪರವಾಗಿಲ್ಲ, ಆ ಒಂದು ದಿನ ಸಹಿಸಿಕೊಳ್ಳಿ. ನನ್ನ ಕೈಯಿಂದ ಇಷ್ಟೇ ಆಗಿದ್ದು. ನೀವು ಹೇಳಿದ್ದು ಸರಿಯಾಗಿತ್ತು ನೋಡಿ, ತುಳಸಮ್ಮನನ್ನು ಯಾರೂ ಏನೂ ಕೇಳುವುದಿಲ್ಲ, ಅವಳಿಗೆ ಯಾರ ಸಹಿಯೂ ಬೇಡ.

ಇವರು ಆಗಲೇ ಏರ್‌ಪೋರ್ಟಿಗೆ ಹೋಗಿಯಾಯಿತು. ಹಿತ್ತಿಲಿನಲ್ಲಿ ತುಳಸಿಯ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ. ಬಿಸಿಲು ಗೋಡೆಯ ಮೇಲೇರಿದೆ. ಪಾತ್ರೆಗಳು ಗಡಗಡ ಅನ್ನುತ್ತಿವೆ, ಇವರು ಬೊಂಬಾಯಿ ದಾರಿಯಾಗಿ ಹೋಗುವ ವಿಮಾನ ಹೊರಡುವ ಹೊತ್ತು ಇದೇ. ಎಲೆಗಳ ಮೇಲೆ ಕೈ ಅಡ್ಡ ಹಿಡಿದಿದ್ದೇನೆ. ಕೇಳಿ ಅತ್ತೆ, ಒಂದು ಸಲ ಕೇಳಿ, ಈ ಸಲ ಸುಳ್ಳು ಹೇಳುವುದಿಲ್ಲ.

ಹೂಂ ಅತ್ತೆ. ಇದು ನಮ್ಮೂರಿಗೇ.

ನಿಮ್ಮ ಸೊಸೆ