ಹಿಂದಿನ ರಾತ್ರಿಯ ನಕ್ಷತ್ರ

9 ಡಿಸೆಂಬರ್ 2001, ಮಲ್ಲಂದೂರು

ಅಪ್ಪನ ತೋಟದ ಮನೆಗೆ ಬಂದರೂ ಬೆಳಿಗ್ಗೆಯಿಂದ ಅದೇ ಗ್ರಾಫ್. ಕರೆಂಟ್ ಹೋಗುತ್ತದೆ, ಬರುತ್ತದೆ, ಯುಪಿಎಸ್ ಕಿರುಚುತ್ತದೆ. ದೂರದ ಗ್ಯಾಲಕ್ಸಿಯ ನಡುವಿನಿಂದ ಗ್ಯಾಸ್ ನುಗ್ಗಿ ಬರುತ್ತಿದೆ — ನಮ್ಮ ಪೇಪರ್ ಇಷ್ಟೇ. ಸಾಕ್ಷಿ, ಅದರ ಬೆಳಕಿನ ವರ್ಣಪಟಲದಲ್ಲಿ ಒಂದು ಕಪ್ಪು ಗೆರೆ. ಗ್ಯಾಸಿನ ಸೋಡಿಯಂ ಬೆಳಕು ಹೀರಿದ ಗುರುತು. ಇರಬೇಕಾದ ಜಾಗಕ್ಕಿಂತ ನೀಲಿ ಕಡೆ ಸರಿದಿದೆ, ಅಂದರೆ ನಮ್ಮತ್ತ ಬರುತ್ತಿದೆ.

ಬೆಂಗಳೂರಿನಿಂದ ಜೂನಿಯರ್ ರಶ್ಮಿಯ ಫೋನ್.

"ದೀಪಕ್ಕ, ಹದಿನೇಳಕ್ಕೆ ನನ್ ಸೆಮಿನಾರ್. ಫೆಲೋಶಿಪ್ ಮುಂದುವರ್ಸೋದು ಅದ್ರ ಮೇಲೇ. ಗೆರೆ ಗ್ಯಾರಂಟಿ ತಾನೇ?"

"ಗ್ಯಾರಂಟಿ ಮಾರಾಯ್ತಿ" ಅಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ!

10 ಡಿಸೆಂಬರ್, ಸಂಜೆ

ಅಕಾಲದ ಮಳೆ. ತೋಟದ ಲೆಕ್ಕ ಬರೆಯುವ ರೈಟರ್ ರಜೆ. ಕಾಫಿ ಹಣ್ಣು ತೂಗುವಾಗ ಬರೆದುಕೊಳ್ಳಲು ನಾನು ಕೂತೆ. ಅಪ್ಪ ಬಂದು ಇಣುಕಿದರು.

"ನೆಂದ ಹಣ್ಣಲ್ವೇನೇ, ನೀರಿನ ತೂಕ ಕಳೆದ್ಯಾ?"

ಕಳೆದಿರಲಿಲ್ಲ. ಕೂಲಿ ಕೊಡುವುದು ತೂಕದ ಮೇಲೆ.

"ಇವತ್ತೊಂದಿನ ಅಮ್ಮಾವ್ರು ನಮ್ ಕಡೆ" ಅಂದಳು ಹಣ್ಣು ಕೊಯ್ಯುವ ಮರಿಯಮ್ಮ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮ ಆಕಾಶದ ನೀರಾವಿಯೂ ಆ ಕಪ್ಪು ಗೆರೆಯ ಜಾಗದಲ್ಲೇ ಬೆಳಕು ಹೀರುತ್ತದೆ. ಅದನ್ನು ಕಳೆಯಬೇಕೆಂದರೆ ಅದೇ ರಾತ್ರಿ ಪಕ್ಕದ ನಕ್ಷತ್ರವೊಂದನ್ನೂ ನೋಡಿಕೊಳ್ಳಬೇಕು. ನಾವು ಗ್ಯಾಲಕ್ಸಿ ನೋಡಿದ ರಾತ್ರಿ ಅಷ್ಟರಲ್ಲಿ ಮೋಡ ಕವಿಯಿತು, ಟೆಲಿಸ್ಕೋಪ್ ಮುಚ್ಚಿದೆವು. ಹಿಂದಿನ ರಾತ್ರಿಯ ನಕ್ಷತ್ರ ಹಾಕಿ ಕಳೆದೆ. ಅದು ಒಣ ರಾತ್ರಿ. ಸಾಕು ಅನ್ನಿಸಿತ್ತು...

ಇಲ್ಲ. ಸಾಲದು ಅಂತ ಅವತ್ತೇ ಗೊತ್ತಿತ್ತು. ರಶ್ಮಿಗೆ ಹೇಳಲಿಲ್ಲ.

15 ಡಿಸೆಂಬರ್

ಕೊನೆಗೂ ಧೈರ್ಯ ಮಾಡಿದೆ. ಅಕ್ಕಪಕ್ಕದ ನೀರಿನ ಗೆರೆಗಳಿಗೆ ಹೊಂದಿಸಿ ಮತ್ತೆ ಕಳೆದೆ. ನಮ್ಮ ಗೆರೆ ಮಾಯ. ಗ್ಯಾಲಕ್ಸಿಯಿಂದ ಏನೂ ಬರುತ್ತಿಲ್ಲ. ಅದು ನಮ್ಮದೇ ಮೋಡದ ನೀರು.

ಫೋನ್ ಪಕ್ಕ ಕೂತು ಎದ್ದೆ. ಲೈನ್ ಸತ್ತಿದೆ ಅಂತ ಅಮ್ಮನಿಗೆ ಹೇಳಿದೆ. ಸತ್ತಿರಲಿಲ್ಲ. ನಾಚಿಕೆಯಾಗುತ್ತದೆ ನನಗೆ.

16 ಡಿಸೆಂಬರ್, ಭಾನುವಾರ

ಹೇಳಿದೆ. ಗೆರೆ ಇಲ್ಲ ಅಂತ, ರಶ್ಮಿಗೆ, ಫೋನಿನಲ್ಲಿ. ಅವಳ ಸ್ಲೈಡ್‌ಗಳೆಲ್ಲ ರೆಡಿಯಾಗಿದ್ದವು.

"ಯಾವಾಗ ಗೊತ್ತಾಯ್ತು ದೀಪಕ್ಕ?"

"ಇವತ್ತು ಬೆಳಿಗ್ಗೆ" ಅಂದೆ.

ಮೂಗು ಸೀಟಿದ ಸದ್ದು ಕೇಳಿಸಿತು. "ಥ್ಯಾಂಕ್ಸ್ ಅಕ್ಕ. ಗೊತ್ತಾದ ಕೂಡ್ಲೇ ಹೇಳಿದ್ರಲ್ಲ. ಬೇರೆಯವ್ರಾಗಿದ್ರೆ ಮುಚ್ಚಿಡ್ತಿದ್ರು."

ಫೋನ್ ಇಟ್ಟಳು. ಈಗಲೇ ಮತ್ತೆ ಫೋನ್ ಮಾಡಿ ಹೇಳಬೇಕು, ಇಲ್ಲ ರಶ್ಮಿ, ನನಗೆ ಮೊದಲಿಂದಲೂ —