ನಿಮ್ಮಪ್ಪ ಕುಡಿತ ಬಿಟ್ಟ ವಾರ

ಆಸ್ಪತ್ರೆಯಿಂದ,
ಗುರುವಾರ ಮಧ್ಯಾಹ್ನ

ನನ್ನ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನೀನೂ ಮಗುವೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಅತ್ತರೆ ನೀನೂ ಅಳುತ್ತೀಯ, ಹೇಳಬೇಕಾದ್ದು ಅಲ್ಲೇ ಉಳಿದುಬಿಡುತ್ತದೆ. ಮೊದಲೇ ತಿಳಿಸಿಬಿಡುತ್ತೇನೆ, ನಿಮ್ಮಪ್ಪ ಬದುಕಿದ್ದಾರೆ. ಆದರೆ ನಾನು ಯಾರೆಂದು ಅವರಿಗೆ ಗೊತ್ತಾಗುತ್ತಿಲ್ಲ.

ಕುಡಿಯುವುದನ್ನು ಬಿಡುವ ತನಕ ಮೊಮ್ಮಗಳ ಮುಖ ತೋರಿಸುವುದಿಲ್ಲವೆಂದು ಭಾನುವಾರ ಅವರಿಗೆ ಹೇಳಿದೆಯಲ್ಲ, ಅದು ತಪ್ಪಲ್ಲ. ಆ ಖಂಡತುಂಡ ಮಾತು ನನ್ನ ಬಾಯಿಂದಲೇ ಯಾವತ್ತೋ ಬರಬೇಕಿತ್ತು. ಬಿಡುತ್ತೇನೆಂದು ನಿನಗೆ ಮಾತು ಕೊಟ್ಟು ಫೋನ್ ಇಟ್ಟವರೇ ಬೀರುವಿನ ಹಿಂದೆ, ಬಟ್ಟೆ ಸುರುಳಿಗಳ ಸಂದಿಯಲ್ಲಿ, ಹೊಲಿಗೆ ಮೆಷಿನ್ನಿನ ಪೆಟ್ಟಿಗೆಯೊಳಗೆ ಬಚ್ಚಿಟ್ಟಿದ್ದ ಬಾಟಲಿಗಳನ್ನೆಲ್ಲ ತಂದು ತಾವೇ ಬಚ್ಚಲಿಗೆ ಸುರಿದರು. ಆಮೇಲೆ ಹೊಲಿಗೆ ಕೋಣೆಗೆ ಹೋಗಿ, "ಹೊರಗಿಂದ ಚಿಲಕ ಹಾಕು. ನಾನು ಎಷ್ಟು ಬೇಡ್ಕೊಂಡ್ರೂ ತೆಗೀಬೇಡ" ಅಂದರು. ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಹಾಗೆ, ಇದೂ ಸಂಜೆಯವರೆಗೆ ಎಂದುಕೊಂಡೇ ಹಾಕಿದೆ.

ಮಾರನೆಯ ದಿನ ನಡುಕ, ಬೆವರು, ವಾಂತಿ. ಕಿಟಕಿಯಿಂದ ಕೊಟ್ಟ ಲೋಟ ಹಿಡಿಯಲಾಗದೆ ನೀರೆಲ್ಲ ಎದೆಯ ಮೇಲೆ. ಮೇಲಿನ ಮನೆಯವಳು, "ಒಳಗಿನ ವಿಷ ಹೊರಗೆ ಹೋಗ್ತಿದೆ, ಹೋಗ್ಲಿ ಬಿಡಿ" ಅಂದಳು. ಹೌದೆಂದು ನಂಬಿದೆ. ಒಂದೇ ಒಂದು ಗುಟುಕು ಕೊಡೆಂದು ಅವರು ಒಳಗೆ ಗೋಗರೆಯುತ್ತಿದ್ದರು. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತು ಅತ್ತೆನೇ ಹೊರತು ತೆಗೆಯಲಿಲ್ಲ. ಗಂಡ ಕೊನೆಗೂ ಗಟ್ಟಿಯಾದರಲ್ಲ, ನಾನು ಮೆತ್ತಗಾಗಬಾರದು ಅನ್ನಿಸಿತ್ತು.

ಮಂಗಳವಾರ ಸಂಜೆ ಗೋಗರೆಯುವುದು ನಿಂತು ಕತ್ತರಿಯ ಸದ್ದು ಶುರುವಾಯಿತು. ಪುಟ್ಟಿ, ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಕೆಲಸಕ್ಕೆ ಕೂತರಲ್ಲ! ಅವರಿಗಿಷ್ಟವೆಂದು ಸಕ್ಕರೆ ಜಾಸ್ತಿ ಹಾಕಿ ಚಹಾ ಮಾಡಿಕೊಂಡು ಚಿಲಕ ತೆಗೆದೆ.

ಕಿಟಕಿಯ ಪರದೆ, ಹಾಸಿಗೆಯ ಹೊದಿಕೆ, ತಾವು ತೊಟ್ಟ ಅಂಗಿಯ ತೋಳು, ಎಲ್ಲವನ್ನೂ ಕತ್ತರಿಸಿ ಹಾಕಿದ್ದರು. ಇಲ್ಲದ ಇರುವೆಗಳನ್ನು ಬಟ್ಟೆಯಿಂದ ಕೊಡವುತ್ತಿದ್ದರು. ನನ್ನನ್ನು ನೋಡಿ, "ಬನ್ನಿ ಮೇಡಂ, ನೆಟ್ಟಗೆ ನಿಂತ್ಕೊಳ್ಳಿ, ಅಳತೆ ತಗೋತೀನಿ" ಅಂದರು. ಇಷ್ಟು ವರ್ಷ ಸಂಸಾರ ಮಾಡಿ ಕೊನೆಗೆ ಗಿರಾಕಿಯಾದೆ ನೋಡು. ಕತ್ತರಿ ಕಿತ್ತುಕೊಳ್ಳುವಷ್ಟರಲ್ಲಿ ಕಣ್ಣು ಮೇಲಾಯಿತು, ಮೈ ಸೆಟೆದುಕೊಂಡಿತು, ಫಿಟ್ಸ್ ಬಂದು ಬಿದ್ದರು. ಮೇಲಿನ ಮನೆಯವಳೇ ಓಡಿಬಂದು ಆಂಬುಲೆನ್ಸ್ ಕರೆಸಿದಳು.

ಇಲ್ಲಿ ಡಾಕ್ಟರಮ್ಮ, ಇವರು ಕುಡಿಯುತ್ತಾರಾ ಎಂದು ಕೇಳಿದರು. "ಇಲ್ಲಮ್ಮ, ಬಿಟ್ಟುಬಿಟ್ಟಿದ್ದಾರೆ" ಎಂದು ಎದೆಯುಬ್ಬಿಸಿ ಹೇಳಿದೆ. ಆಕೆ ತಲೆಯೆತ್ತಿ, ಯಾವಾಗಿನಿಂದ ಎಂದರು. ಹೇಳಿದೆ. "ಬಿಟ್ಟಿದ್ದಕ್ಕೇ ಹೀಗಾಗಿರೋದು. ಇಷ್ಟು ವರ್ಷ ದಿನಾ ಕುಡಿದೋರು ಮನೇಲಿ ಒಂದೇ ಸಲಕ್ಕೆ ನಿಲ್ಲಿಸಬಾರ್ದು. ಮೊದಲೇ ಕರ್ಕೊಂಡು ಬಂದಿದ್ರೆ ನಾವೇ ಔಷಧಿ ಕೊಟ್ಟು ಬಿಡಿಸ್ತಿದ್ವಿ" ಅಂದರು. ಕುಡಿದು ಸಾಯುತ್ತಾರೆಂದು ಹೆದರಿಕೊಂಡೇ ಬದುಕಿದವಳು ನಾನು. ಬಿಟ್ಟರೂ ಸಾಯಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ಈಗಲೂ ಪಕ್ಕದಲ್ಲಿ ಮಲಗಿಕೊಂಡೇ ಹೊಲಿಯುತ್ತಿದ್ದಾರೆ. ಇಲ್ಲದ ದಾರವನ್ನು ತುಟಿಯಲ್ಲಿ ಒದ್ದೆ ಮಾಡಿ, ಇಲ್ಲದ ಸೂಜಿಗೆ ಪೋಣಿಸಿ, ಗಂಟು ಹಾಕಿ, ಹಲ್ಲಿನಿಂದ ಕಡಿಯುತ್ತಾರೆ. ಯಾರ ಬಟ್ಟೆ ಎಂದು ಕೇಳಿದೆ. "ಮೊಮ್ಮಗಳದ್ದು ಮೇಡಂ. ಅವಳನ್ನ ನೋಡಿಲ್ಲ, ಅಂದಾಜಿನ ಮೇಲೆ ಹೊಲೀತಿದ್ದೀನಿ" ಅಂದರು. ಎದ್ದು ಹೊರಗೆ ಹೋಗಿ ಅತ್ತು ಬಂದೆ.

ಜ್ವರ ಇಳಿದಿಲ್ಲ. ಇನ್ನೆರಡು ದಿನ ಏನೂ ಹೇಳಲಾಗದು ಎನ್ನುತ್ತಾರೆ. ಬಾ ಎಂದು ನಾನು ಬರೆಯುವುದಿಲ್ಲ. ಅವರ ಕುಡಿತದಲ್ಲಿ ನೀನು ಉಂಡದ್ದೇನು ಕಡಿಮೆಯೇ? ನಿನ್ನ ಮನಸ್ಸಿಗೆ ಬಂದಂತೆ ಮಾಡು.

ಇಂತಿ,
ನಿನ್ನ ಅಮ್ಮ

ತಾ.ಕ.: ಇವತ್ತು ಶನಿವಾರ. ಕಾಗದ ಇನ್ನೂ ನನ್ನ ಚೀಲದಲ್ಲೇ ಇತ್ತು. ಬೆಳಿಗ್ಗೆ ಅವರಿಗೆ ನನ್ನ ಗುರುತು ಹತ್ತಿತು, ನಡೆದದ್ದನ್ನೆಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಬಿಟ್ಟಿದ್ದಕ್ಕೆ ಹೀಗಾಯ್ತು ಅಂತ ಅವಳಿಗೆ ಹೇಳ್ಬೇಡ ಕಣೇ. ತನ್ನಿಂದಲೇ ಆಯ್ತು ಅಂತ ಜೀವನ ಪೂರ್ತಿ ಕೊರಗ್ತಾಳೆ. ಮತ್ತೆ ಕುಡಿದು ಬಿದ್ದ ಅಂತ ಬರಿ, ನಂಬ್ತಾಳೆ" ಅಂದರು. ಹೂಂ ಅಂದೆ. ಆದರೆ ಈ ಕಾಗದ ಹರಿಯಲಾರೆ. ಇಷ್ಟು ವರ್ಷದಲ್ಲಿ ಅವರು ನಿನಗೆ ಕೊಟ್ಟು ಉಳಿಸಿಕೊಂಡ ಮಾತು ಇದೊಂದೇ ಪುಟ್ಟಿ, ಅದನ್ನು ಸುಳ್ಳು ಮಾಡಲು ನನ್ನ ಕೈಲಾಗುವುದಿಲ್ಲ.